ಲಾಡ್ಜಿನ ನಳದ ನೀರು ಕುಡಿಯಬಹುದೇ?

ಕೇಳುಗರಿಗೆ ನಮಸ್ಕಾರ.

ದಸರಾ ಮುಗಿದು ಚಳಿ ಬಿತ್ತೆಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರದ ಗೋಳಗುಮ್ಮಟ, ಎಲ್ಲಿ ನೋಡಿದರೂ ಪ್ರವಾಸಿ ಬಸ್ಸುಗಳ ಸಾಲು. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಲಾಡ್ಜಿನಲ್ಲಿ ಬಂದಿಳಿದವರು ಗಂಟು ಇಳಿಸುವ ಮೊದಲೇ ಕೇಳುತ್ತಾರೆ: “ನಳದ ನೀರು ಕುಡೀಬಹುದೇನ್ರಿ?” ಉತ್ತರವೂ ಸಿದ್ಧವಾಗಿರುತ್ತದೆ: “ಕುಡೀರಿ ಸರ್, ಹೊಳಿ ನೀರೈತಿ.”

ಹೇಳಿದವನು ಸುಳ್ಳಾಡಿರುವುದಿಲ್ಲ. ವಿಜಯಪುರಕ್ಕೆ ಕೃಷ್ಣೆಯ ನೀರು ಬರುತ್ತದೆ. ಬೆಳಗಾವಿಗೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದಲೂ ಘಟಪ್ರಭೆಯ ಹಿಡಕಲ್ ಆಣೆಕಟ್ಟಿನಿಂದಲೂ ಬರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ನೀರು ಯಾವ ಹೊಳೆಯದು ಎನ್ನುವುದಕ್ಕಿಂತ ಅದು ಎಂದು ಬಂತು, ಬಂದ ಮೇಲೆ ಎಲ್ಲೆಲ್ಲಿ ನಿಂತಿತು ಎನ್ನುವುದು ಮುಖ್ಯ.

ಶುದ್ಧೀಕರಣ ಘಟಕದಲ್ಲಿ ಆಗುವುದಿಷ್ಟು. ನೀರಿಗೆ ಆಲಂ ಹಾಕಿ ಮಣ್ಣು ತಳಕ್ಕಿಳಿಸುತ್ತಾರೆ, ಮರಳಿನ ಹಾಸಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಸೇರಿಸುತ್ತಾರೆ. ಅಲ್ಲಿದ್ದ ರೋಗಾಣುಗಳನ್ನು ಕೊಂದ ಮೇಲೂ ಸ್ವಲ್ಪ ಕ್ಲೋರಿನ್ ನೀರಿನಲ್ಲಿ ಉಳಿಯಬೇಕು. ಪೈಪಿನ ದಾರಿಯಲ್ಲಿ ಏನಾದರೂ ಸೇರಿಕೊಂಡರೆ ಕಾಯುವುದು ಈ ಉಳಿಕೆ ಕ್ಲೋರಿನ್ನೇ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೊಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಕೂಡದು.

ಘಟಕದಿಂದ ಹೊರಬೀಳುವ ನೀರು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕೆಡುವುದು ಆಮೇಲೆ. ನಮ್ಮ ಬಹುತೇಕ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ, ಎರಡು ದಿನಕ್ಕೋ ನಾಲ್ಕು ದಿನಕ್ಕೋ ಕೆಲವು ತಾಸು ಬಿಡುತ್ತಾರೆ. ನೀರು ತುಂಬಿ ಒತ್ತಡದಲ್ಲಿರುವಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರದು. ನೀರು ನಿಂತ ಕೂಡಲೇ ಪೈಪು ಬರಿದಾಗುತ್ತ ಒಳಗೆ ಎಳೆತ ಹುಟ್ಟುತ್ತದೆ. ಆಗ ಪಕ್ಕದ ಗಟಾರದ ನೀರನ್ನು ಅದೇ ಬಿರುಕು ಒಳಗೆ ಹೀರುತ್ತದೆ. ಅದಕ್ಕೇ ನೀರು ಬಿಟ್ಟ ಮೊದಲ ಐದು-ಹತ್ತು ನಿಮಿಷ ಕಲಕು ನೀರು ಬರುವುದು. ಓಣಿಯ ಹೆಣ್ಣುಮಕ್ಕಳು ಆ ಮೊದಲ ನೀರನ್ನು ಬಚ್ಚಲಿಗೆ ಬಿಟ್ಟು ಆಮೇಲೆ ಕೊಡ ಹಿಡಿಯುತ್ತಾರಲ್ಲ, ಅದು ಸರಿಯಾದ ಲೆಕ್ಕ. ಆದರೆ ಲಾಡ್ಜಿನ ಸಂಪಿಗೆ ಮೊದಲ ನೀರು ಯಾವುದು, ಆಮೇಲಿನದು ಯಾವುದು ಎಂದು ಗೊತ್ತಿಲ್ಲ. ಬಂದದ್ದೆಲ್ಲ ಅದರೊಳಗೆ. ಬೆಳಗಾವಿಯ ಕೆಲವು ಬಡಾವಣೆಗಳಲ್ಲಿ 2008ರಿಂದ ದಿನದ 24 ತಾಸೂ ನೀರು ಬಿಡುವ ವ್ಯವಸ್ಥೆ ಬಂತು. ಅಲ್ಲಿ ಜನ ತಿರುವಿದಾಗ ನೀರು ಸಿಕ್ಕಿತೆಂದು ಸಂತೋಷಪಟ್ಟರು. ಪೈಪಿನಲ್ಲಿ ಒತ್ತಡ ಎಂದೂ ಇಳಿಯುವುದಿಲ್ಲ ಎಂಬುದು ಆರೋಗ್ಯದ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಲಾಭ.

ಸಂಪಿನಿಂದ ಮೋಟರು ನೀರನ್ನು ಮಾಳಿಗೆಯ ಟಾಕಿಗೆ ಏರಿಸುತ್ತದೆ. ಸೀಜನ್ನಿನಲ್ಲಿ ಸಾಲದಾದರೆ ಅದೇ ಸಂಪಿಗೆ ಬೋರಿನ ನೀರು, ಇಲ್ಲವೇ ಟ್ಯಾಂಕರ್ ನೀರು. ಬಿಸಿಲಿಗೆ ಕಾಯುವ ಕರಿ ಟಾಕಿಯಲ್ಲಿ ಒಂದೆರಡು ದಿನ ನಿಂತರೆ ಉಳಿಕೆ ಕ್ಲೋರಿನ್ ಹಾರಿಹೋಗಿರುತ್ತದೆ. ಮುಚ್ಚಳ ಸರಿದಿದ್ದರೆ ಪಾರಿವಾಳದ ಹಿಕ್ಕೆಯೂ ಉಂಟು. ನಿಮ್ಮ ಕೋಣೆಯ ನಳದಲ್ಲಿ ಬರುವುದು ಈ ಟಾಕಿಯ ನೀರು. ಹೀಗಾಗಿ ನೇರ ಉತ್ತರ ಬೇಕೆಂದರೆ: ಸ್ನಾನಕ್ಕೆ, ಬಟ್ಟೆಗೆ ಬಳಸಿ, ಹಾಗೇ ಕುಡಿಯಬೇಡಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಸಹ ಕುಡಿಯುವ ನೀರೇ ಇರಲಿ, ಮಕ್ಕಳಿಗಂತೂ ಖಂಡಿತ.

ನೀರಿನಲ್ಲಿ ಕ್ಲೋರಿನ್ ಉಳಿದಿದೆಯೋ ಇಲ್ಲವೋ ನೋಡಲು ನಗರಸಭೆಯ ನೀರಿನ ಸಿಬ್ಬಂದಿಯ ಹತ್ತಿರ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಶಾಲಾ ಪ್ರವಾಸ ಕರೆದೊಯ್ಯುವ ಶಿಕ್ಷಕರು ಇಂಥದೊಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಕೊಳವೆಯಲ್ಲಿ ಗುರುತಿನವರೆಗೆ ನೀರು ಹಿಡಿದು, ಆರ್ಥೊಟಾಲಿಡಿನ್ ದ್ರಾವಣವನ್ನು ಕಿಟ್‌ನಲ್ಲಿ ಹೇಳಿದಷ್ಟು ಹನಿ ಬಿಟ್ಟು, ಅಲುಗಿಸಿ, ಕೂಡಲೇ ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಬೇಕು. ತಿಳಿ ಹಳದಿ ಬಂದರೆ ಕ್ಲೋರಿನ್ ಇದೆ, ಬಣ್ಣವೇ ಏಳದಿದ್ದರೆ ಇಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಬೇರೆ ರೂಪದಲ್ಲಿ ಕೂಡಿಕೊಂಡ ಕ್ಲೋರಿನ್ನೂ ಹಳದಿ ತೋರಿಸಿ ಮೋಸವಾಗುತ್ತದೆ. ಆ ದ್ರಾವಣ ವಿಷಕಾರಿ. ಪರೀಕ್ಷೆಯ ನೀರನ್ನು ಚೆಲ್ಲಿ ಕೈ ತೊಳೆಯಿರಿ. ಕಲಕಿಲ್ಲದ ನೀರು, ಪಟ್ಟಿಯಲ್ಲಿ ಕನಿಷ್ಠ 0.2ರ ಗುರುತಿನಷ್ಟು ಕ್ಲೋರಿನ್ ಎರಡೂ ಇದ್ದರೆ ನಳದ ನೀರನ್ನು ಕುಡಿಯಲು ಅಡ್ಡಿಯಿಲ್ಲ. ಒಂದು ಇಲ್ಲದಿದ್ದರೂ ಕುದಿಸಿ.

ಇನ್ನು ಸವುಳು ನೀರಿನ ಮಾತು. ನಮ್ಮ ಭಾಗದ ಬೋರುಗಳ ನೀರು ಗಡಸು. ಹೊರಗಿನಿಂದ ಬಂದವರು ಬಾಯಿಗಿಟ್ಟ ಕೂಡಲೇ ಮುಖ ಸಿಂಡರಿಸಿ ‘ಈ ನೀರು ಕೆಟ್ಟದ್ದು’ ಎನ್ನುತ್ತಾರೆ. ರುಚಿಗೂ ರೋಗಕ್ಕೂ ಸಂಬಂಧ ಕಡಿಮೆ. ಸಿಹಿನೀರಿನಲ್ಲಿ ಕಾಮಾಲೆಯ ವೈರಾಣು ಇರಬಹುದು, ಸವುಳು ನೀರಿನಲ್ಲಿ ಏನೂ ಇರದಿರಬಹುದು. ಆದರೆ ಸಲ್ಫೇಟ್, ಮೆಗ್ನೀಸಿಯಂ ಹೆಚ್ಚಿದ್ದರೆ ಹೊಸಬರ ಹೊಟ್ಟೆ ಒಂದೆರಡು ದಿನ ಸಡಿಲಾಗುತ್ತದೆ. ಊರವರಿಗೆ ರೂಢಿಯಾಗಿರುವುದರಿಂದ ಏನೂ ಆಗದು. ಇದು ಸೋಂಕಲ್ಲ, ಜ್ವರ ಬರುವುದಿಲ್ಲ, ನೀರು ಬದಲಿಸಿದರೆ ನಿಲ್ಲುತ್ತದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಹಲ್ಲು, ಎಲುಬು ಹಾಳಾಗುವುದು ವರ್ಷಗಟ್ಟಲೆ ಕುಡಿದವರಿಗೆ. ಮೂರು ದಿನದ ಪ್ರವಾಸಿಗೆ ಆ ಭಯ ಬೇಡ. ಹಸುಗೂಸಿಗೆ ಪುಡಿ ಹಾಲು ಕಲಸುವವರು ಮಾತ್ರ ಬೋರಿನ ನೀರು ಮುಟ್ಟಬೇಡಿ. ಅದರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ; ನೀರು ಇಂಗಿದಷ್ಟೂ ದಟ್ಟವಾಗುತ್ತದೆ.

ಈಚೆಗೆ ಪೆನ್ನಿನಂಥ ಟಿಡಿಎಸ್ ಮೀಟರು ಹಲವರ ಕಿಸೆಯಲ್ಲಿದೆ. ನೀರಲ್ಲಿ ಅದ್ದಿ, ‘ಬರೀ 90 ಬಂತು, ಬೆಸ್ಟ್ ನೀರು’ ಎಂದು ಮಕ್ಕಳಿಗೆ ಕುಡಿಸುತ್ತಾರೆ. ಅದು ಎಣಿಸುವುದು ಕರಗಿದ ಲವಣವನ್ನು ಮಾತ್ರ. ಮಳೆನೀರಿಗೆ ಒಂದು ಚಮಚ ಗಟಾರದ ನೀರು ಬೆರೆಸಿದರೂ ಆ ಮೀಟರು ಬೆಸ್ಟ್ ಎಂದೇ ಹೇಳುತ್ತದೆ.

ಹಾಗಾದರೆ ಮಾಡುವುದೇನು? ಎಲ್ಲಕ್ಕಿಂತ ನಂಬಿಗಸ್ತ ದಾರಿ ಕುದಿಸುವುದು. ಗುಳ್ಳೆಗಳು ಮೇಲೆದ್ದು ನೀರು ಕೊತಕೊತ ಹೊರಳತೊಡಗಿದ ಮೇಲೆ ಒಂದು ನಿಮಿಷ ಸಾಕು. ನಮ್ಮ ಬಯಲುಸೀಮೆಯ ಎತ್ತರಕ್ಕೆ ಹತ್ತು-ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸ್ ದಂಡ. ಲಾಡ್ಜಿನಲ್ಲಾದರೆ ಒಂದೂವರೆ ಲೀಟರಿನ ಎಲೆಕ್ಟ್ರಿಕ್ ಕೆಟಲ್ ಒಯ್ಯಿರಿ. 1500 ವಾಟಿನದು ಐದಾರು ನಿಮಿಷಕ್ಕೆ ಕುದಿಸುತ್ತದೆ. ನಾಲ್ವರ ಮನೆಯವರಿಗೆ ದಿನಕ್ಕೆ ಎಂಟು-ಹತ್ತು ಲೀಟರ್ ಬೇಕು, ಅಂದರೆ ಆರೇಳು ಸಲ. ರಾತ್ರಿಯೇ ಕುದಿಸಿಟ್ಟರೆ ಬೆಳಿಗ್ಗೆಗೆ ಆರಿರುತ್ತದೆ. ಒಂದು ಎಚ್ಚರಿಕೆ: ಇಂಥ ಕೆಟಲ್ ಆರೂವರೆ ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿದರೆ ಪ್ಲಗ್ಗು ಸುಡಬಹುದು. ಗೀಸರಿನ 16 ಆಂಪಿಯರಿನ ದೊಡ್ಡ ಸಾಕೆಟ್ಟು ಹುಡುಕಿ. ಗೀಸರಿನ ಬಿಸಿನೀರನ್ನೇ ಕುಡಿಯುತ್ತೇವೆ ಎನ್ನುವವರಿದ್ದಾರೆ. ಅದು ಕುದಿದಿರುವುದಿಲ್ಲ, ಒಳಗೆ ತುಕ್ಕೂ ಗಾರೆಯೂ ಕಟ್ಟಿರುತ್ತದೆ, ಬೇಡ. ಕುದಿಸಿದ ನೀರು ಮತ್ತೆ ಕೆಡುವುದು ಬಾಟ್ಲಿಯಲ್ಲಿ. ನಳದಲ್ಲಿ ತೊಳೆದ ಹಸಿ ಬಾಟ್ಲಿಗೆ ಅದನ್ನು ಸುರಿದರೆ ಮಾಡಿದ್ದೆಲ್ಲ ದಂಡ. ಸ್ಟೀಲ್ ಬಾಟ್ಲಿಯನ್ನು ಮೊದಲು ಕುದಿನೀರಿನಲ್ಲೇ ಅಲುಬಿ.

ಕುದಿಸಲು ಅನುಕೂಲವಿಲ್ಲದ ಕಡೆ ಕ್ಲೋರಿನ್ ಗುಳಿಗೆ. ಒಂದು ಲೀಟರಿನದೂ ಇದೆ, 20 ಲೀಟರಿನದೂ ಇದೆ, ಪಟ್ಟಿಯ ಮೇಲಿನ ಅಳತೆ ನೋಡಿಯೇ ಹಾಕಿ. ಕಲಕು ನೀರಾದರೆ ಮೊದಲು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಮಣ್ಣೇ ಕ್ಲೋರಿನ್ ತಿಂದುಹಾಕುತ್ತದೆ. ಗುಳಿಗೆ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟ್ಲಿ ಓರೆ ಮಾಡಿ. ಆ ನೀರು ಬಾಯಿಯ ಸುತ್ತಿನ ಪೇಚಿಗೂ ತಾಗಿ ಅಲ್ಲಿಯೂ ಸ್ವಚ್ಛವಾಗಲಿ. ಆಮೇಲೆ ಅರ್ಧ ತಾಸು ಕಾಯಿರಿ. ಕ್ಲೋರಿನ್ನಿಗೆ ಬಗ್ಗದ ಕೆಲವು ಪರಾವಲಂಬಿ ಜೀವಿಗಳಿವೆ, ಅವು ಸಾಯುವುದು ಕುದಿತಕ್ಕೆ. ಚಾರಣದವರು ಬಳಸುವ 0.1 ಮೈಕ್ರಾನ್ ತೂತಿನ ಕೈ ಫಿಲ್ಟರು ಇದಕ್ಕೆ ವಿರುದ್ಧ: ಪರಾವಲಂಬಿಗಳನ್ನೂ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ, ಕಾಮಾಲೆಯ ವೈರಾಣು ಮಾತ್ರ ನುಸುಳುತ್ತದೆ. ಎರಡನ್ನೂ ಜೋಡಿಸಿದರೆ ಪೂರ್ಣ.

ಊರೂರಿಗೆ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಡೆಸುವವರು ಚೊಕ್ಕ ಇಟ್ಟಿದ್ದರೆ ಒಳ್ಳೆಯ ನೀರು. ಆದರೆ ಆರ್‌ಓ, ಅಂದರೆ ಸೂಕ್ಷ್ಮ ಪೊರೆಯಲ್ಲಿ ಸೋಸಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕೊಳಕು ಕ್ಯಾನಿಗೆ ತುಂಬಿದರೆ ಕಾಯುವವರಿಲ್ಲ. ಒಳಗೆ ಹಸಿರು ಪಾಚಿ ಕಂಡರೆ ಆ ಕ್ಯಾನು ಬೇಡ. ಬಾಟ್ಲಿ ನೀರು ಕೊಳ್ಳುವಾಗ ಮುಚ್ಚಳದ ಕೆಳಗಿನ ಉಂಗುರ ‘ಕಟಕ್’ ಎಂದು ಹರಿಯಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಖಾಲಿಯಾದ ಬಾಟ್ಲಿಯನ್ನು ತಿರುಚಿ ಎಸೆಯಿರಿ, ಯಾರೂ ಮತ್ತೆ ತುಂಬದಂತೆ.

ನೀರಿನ ಬಗ್ಗೆ ಇಷ್ಟೆಲ್ಲ ಎಚ್ಚರ ವಹಿಸಿದವರೂ ಎಡವುವುದು ಖಾನಾವಳಿಯಲ್ಲಿ. ನಮ್ಮ ಊಟದ ಹೆಮ್ಮೆಯೇ ರೊಟ್ಟಿ ಜೊತೆಗಿನ ಹಸಿ ಪದಾರ್ಥ: ಮೆಂತ್ಯೆ ಸೊಪ್ಪು, ಹಕ್ಕರಕಿ, ಮೂಲಂಗಿ, ಸೌತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ. ಸೊಪ್ಪನ್ನು ತೊಳೆದದ್ದು ಅದೇ ಟಾಕಿಯ ನೀರಿನಲ್ಲಿ. ಎಲೆಯ ಮಡಿಕೆಯಲ್ಲಿ ಹನಿ ನೀರು ನಿಂತಿರುತ್ತದೆ, ಮಣ್ಣೂ ಇರುತ್ತದೆ. ಬಾಟ್ಲಿ ನೀರು ಕುಡಿಯುತ್ತ ಹಕ್ಕರಕಿ ಮೆಲ್ಲುವವರಿಗೆ ಆ ಬಾಟ್ಲಿಯಿಂದ ಏನು ಪ್ರಯೋಜನ? ಬಿಟ್ಟೇ ಬಿಡಿ ಎಂದು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಎಳೆಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ. ಉಳಿದವರು ಸಿಪ್ಪೆ ಸುಲಿದು ತಿನ್ನುವ ಸೌತಿಕಾಯಿ, ಗಜ್ಜರಿ ಕೇಳಿ, ನಿಮ್ಮೆದುರೇ ಸುಲಿಯಲಿ. ಬಿಸಿ ರೊಟ್ಟಿ, ಕುದಿಯುವ ಪಲ್ಯ, ಶೇಂಗಾ ಚಟ್ನಿ, ಚಹಾ ಇವಕ್ಕೆ ಚಿಂತೆಯಿಲ್ಲ. ಹಂಚಿನಿಂದ ಇಳಿದ ರೊಟ್ಟಿಯಲ್ಲಿ ರೋಗಾಣು ಉಳಿಯದು. ಮಜ್ಜಿಗೆಗೆ ಬೆರೆಸಿದ ನೀರು, ಕಬ್ಬಿನ ಹಾಲಿಗೆ ಹಾಕಿದ ಬರ್ಫು, ತೊಳೆದು ಒರೆಸದ ಗ್ಲಾಸು, ಮೇಜಿನ ಮೇಲಿನ ಜಗ್ಗು, ಇವೆಲ್ಲ ನಳದ ನೀರೇ. ಬರ್ಫಾದರೆ ರೋಗಾಣು ಸಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಜಾತ್ರೆಯ ಅರವಟ್ಟಿಗೆಯಲ್ಲಿ ನಳ ಕೂಡಿಸಿದ ಪಾತ್ರೆ ಇದ್ದರೆ ವಾಸಿ. ಎಲ್ಲರೂ ಕೈಯದ್ದಿ ಗ್ಲಾಸು ಮುಳುಗಿಸುವ ಬ್ಯಾರಲ್ಲಾದರೆ ಮುಂದೆ ನಡೆಯಿರಿ.

ಮಹಾಕೂಟದ ಪುಷ್ಕರಣಿ, ಬನಶಂಕರಿಯ ಹೊಂಡ, ಬಾದಾಮಿಯ ಅಗಸ್ತ್ಯ ತೀರ್ಥ, ವಿಜಯಪುರದ ತಾಜ್ ಬಾವಡಿ ಎಲ್ಲವೂ ನೋಡುವಂಥವು. ಆದಿಲಶಾಹಿ ಕಾಲದವರು ವಿಜಯಪುರಕ್ಕೆ ಮಣ್ಣಿನ ಕೊಳವೆಯಲ್ಲಿ ನೀರು ತಂದು, ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ನಡುನಡುವೆ ಗೋಪುರ ಕಟ್ಟಿದ್ದರು, ಅಷ್ಟು ಜಾಣ್ಮೆ. ಆದರೆ ಜನ ಮೀಯುವ, ಬಟ್ಟೆ ಒಗೆಯುವ ನೀರು ಕುಡಿಯುವುದಕ್ಕಲ್ಲ. ತೀರ್ಥವನ್ನು ಕಣ್ಣಿಗೊತ್ತಿಕೊಂಡರೆ ದೇವರು ಮುನಿಯುವುದಿಲ್ಲ.

ನಳದ ನೀರನ್ನು ನೇರವಾಗಿ ಕುಡಿಯುವ ಊರುಗಳೂ ಇವೆ. ಸಿಂಗಪುರದಲ್ಲಿ ಕುಡಿಯಬಹುದು. ನಮ್ಮ ದೇಶದಲ್ಲೇ ಒಡಿಶಾದ ಪುರಿಯಲ್ಲಿ 2021ರ ಜುಲೈನಿಂದ ದಿನವಿಡೀ ನೇರ ಕುಡಿಯುವ ನೀರು ಕೊಡುತ್ತಿದ್ದಾರೆ. ಜಗನ್ನಾಥನ ದರ್ಶನಕ್ಕೆ ಹೋದವರು ರಸ್ತೆ ಬದಿಯ ನಳದಲ್ಲೇ ಬಾಟ್ಲಿ ತುಂಬಿಕೊಳ್ಳಬಹುದು. ಆದರೆ ಅಲ್ಲಿಯೂ ಲಾಡ್ಜಿನ ಮಾಳಿಗೆಯ ಟಾಕಿ ಲಾಡ್ಜಿನದೇ.

ಲಾಡ್ಜು, ಹೋಮ್‌ಸ್ಟೇ ನಡೆಸುವವರಿಗೆ ಎರಡು ಮಾತು. ಸೀಜನ್ನಿಗೆ ಮೊದಲು ಟಾಕಿ ಬರಿದು ಮಾಡಿ, ತಿಕ್ಕಿ, ಕೆಸರು ತೆಗೆದು, ಮತ್ತೆ ತುಂಬಿ. 1000 ಲೀಟರಿಗೆ 150 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಹಾಕಿ ಒಂದು ದಿನ ಬಿಟ್ಟು, ಆ ನೀರನ್ನೆಲ್ಲ ಚೆಲ್ಲಿ. ಅದು ಟಾಕಿ ತೊಳೆಯಲು ಮಾತ್ರ. ದಿನದ ನೀರಿಗೆ 1000 ಲೀಟರಿಗೆ ಎರಡೂವರೆ ಗ್ರಾಂ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಸುರಿಯಿರಿ. ತಳದ ಸುಣ್ಣ ಬೇಡ. ಒಂದು ತಾಸಿನ ನಂತರ ಹಳದಿ ಬಣ್ಣದ ಪರೀಕ್ಷೆ ಮಾಡಿ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಚೀಲ ಕೆಲವೇ ವಾರಕ್ಕೆ ಬಲ ಕಳೆದುಕೊಳ್ಳುತ್ತದೆ.

ಇಷ್ಟಾಗಿಯೂ ಹೊಟ್ಟೆ ಕೆಟ್ಟರೆ ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಸಕ್ಕರೆ-ಲವಣದ ಪುಡಿ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪೊಟ್ಟಣ ಒಂದು ಲೀಟರ್ ಶುದ್ಧ ನೀರಿಗೆ. ಒಂದು ಗ್ಲಾಸಿಗೇ ಪೂರ್ತಿ ಹಾಕಿದರೆ ಲವಣ ಹೆಚ್ಚಾಗಿ ಕೂಸಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 24 ತಾಸು ದಾಟಿದ್ದನ್ನು ಚೆಲ್ಲಿ. ಭೇದಿಯಲ್ಲಿ ರಕ್ತ, ಅಕ್ಕಿಗಂಜಿಯಂಥ ಭೇದಿ, ಆರು ತಾಸು ಮೂತ್ರವಿಲ್ಲದಿರುವುದು, ಕೂಸಿನ ಕಣ್ಣು ಗುಳಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಟೈಫಾಯ್ಡ್ ತಲೆಯೆತ್ತಲು ಒಂದರಿಂದ ಮೂರು ವಾರ ಬೇಕು, ಕಾಮಾಲೆಗೆ ಎರಡರಿಂದ ಏಳು ವಾರ. ಆದ್ದರಿಂದ ಊರು ಮುಟ್ಟಿ ತಿಂಗಳಾದ ಮೇಲೆ ಜ್ವರ ಬಂದರೂ ಕಣ್ಣು ಹಳದಿಯಾದರೂ, ಎಲ್ಲೆಲ್ಲಿಗೆ ಹೋಗಿದ್ದಿರಿ, ಏನು ಕುಡಿದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಗರ್ಭಿಣಿಯರಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮಸ್ಕಾರ.