ವಾರದ ದಿನಗಳಲ್ಲಿ ಬೆಳೆಯುವ ನಂಬಿಕೆ

ಎಲ್ಲಾ ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮಾತಾಡ್ಲಿಕ್ಕೆ ಹೊರಟದ್ದು ಒಂದು ಪ್ರಶ್ನೆಯ ಬಗ್ಗೆ. ನಮ್ಮ ಸಭೆಯ ಹಿರಿಯರೂ ಕೇಳುವ ಪ್ರಶ್ನೆ ಅದು, ಕಾಲೇಜಿಗೆ ಹೋಗುವ ಮಕ್ಕಳೂ ಕೇಳುವ ಪ್ರಶ್ನೆ. ಚಿಕ್ಕಂದಿನಿಂದ ಚರ್ಚಿಗೆ ಹೋಗ್ತಾ ಇದ್ದೇನೆ, ಸಂಡೇ ಸ್ಕೂಲ್ ಆಯ್ತು, ದೃಢೀಕರಣ ಆಯ್ತು, ಕ್ವಾಯರಲ್ಲಿ ಹಾಡಿದ್ದೂ ಆಯ್ತು, ಆದ್ರೆ ಒಳಗೆ ನೋಡಿದ್ರೆ ಸಿಟ್ಟು ಅದೇ, ಹೆದರಿಕೆ ಅದೇ, ಹಾಗಾದ್ರೆ ಇಷ್ಟು ವರ್ಷದಲ್ಲಿ ನಾನು ಬೆಳೆದದ್ದೆಂತ ಅಂತ. ಇದನ್ನ ಕೇಳುವವರು ನಂಬಿಕೆ ಇಲ್ಲದವರಲ್ಲ, ನಂಬಿಕೆ ಇರುವುದಕ್ಕೇ ಈ ಪ್ರಶ್ನೆ ಅವರನ್ನ ಕಾಡ್ತದೆ. ಅಂಥವರಿಗೋಸ್ಕರವೇ ಈ ಮಾತು.

ನಮ್ಮ ಕರಾವಳಿಯಲ್ಲಿ ದೇವರ ಆರಾಧನೆಗೆ ಜಾಗದ ಕೊರತೆ ಇಲ್ಲ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಶುರುವಾದದ್ದು 1680ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, 1947ರಲ್ಲಿ ಸಿ.ಎಸ್.ಐ., ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆ ಆಯ್ತು, 2012ರಲ್ಲಿ ಉಡುಪಿಗೇ ಬೇರೆ ಕೆಥೊಲಿಕ್ ಧರ್ಮಪ್ರಾಂತ್ಯ ಬಂತು. ಪ್ರಸಂಗ, ಹಾಡಿನ ಕನ್ವೆನ್ಶನ್ ಉಂಟು, ರಿಟ್ರೀಟ್ ಉಂಟು, ಒಂಬತ್ತು ದಿನದ ಪ್ರಾರ್ಥನೆಯ ನೊವೆನಾ ಉಂಟು, ಜನವರಿ ಬಂತಂದ್ರೆ ಕಾರ್ಕಳದ ಹತ್ರದ ಅತ್ತೂರು ಚರ್ಚಿನ ಜಾತ್ರೆಗೆ ಎಲ್ಲಾ ಧರ್ಮದವರೂ ಬಂದು ಮೊಂಬತ್ತಿ ಹಚ್ಚಿ ಹೋಗ್ತಾರೆ. ಇದೆಲ್ಲ ನನಗೆ ತುಂಬಾ ಇಷ್ಟ, ಇದರಲ್ಲಿ ಒಂದನ್ನೂ ನಾನು ಕಡಿಮೆ ಅಂತ ಹೇಳುವುದಿಲ್ಲ. ಆದ್ರೆ ಕನ್ವೆನ್ಶನಿನ ಕೊನೇ ರಾತ್ರಿ ಬಂದ ಕಣ್ಣೀರೇ ಬೆಳವಣಿಗೆ ಅಂತ ತಿಳ್ಕೊಂಡ್ರೆ ಮುಂದಿನ ಮಂಗಳವಾರ ಬುಧವಾರ ತುಂಬಾ ಕಷ್ಟ ಆಗ್ತದೆ, ಯಾಕಂದ್ರೆ ಆ ದಿನ ಕಣ್ಣೀರು ಇರುವುದಿಲ್ಲ, ಹಾಡೂ ಇರುವುದಿಲ್ಲ, ಬಸ್ಸಿಗೆ ಲೇಟಾಗಿರ್ತದೆ, ಮನೆಯಲ್ಲಿ ಗ್ಯಾಸ್ ಖಾಲಿ ಆಗಿರ್ತದೆ. ನಂಬಿಕೆ ಬೆಳೆಯುವುದು ಅಂಥ ದಿನಗಳಲ್ಲಿಯೇ ಅಂತ ನಾನು ಗಟ್ಟಿಯಾಗಿ ನಂಬ್ತೇನೆ.

ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಒಂದು ಸಣ್ಣ ಸಾಮ್ಯ, ಅಂದ್ರೆ ಯೇಸು ಹೇಳಿದ ಒಂದು ಕಥೆ ಉಂಟು, ಮತ್ತಾಯನಲ್ಲಿಯೂ ಇಲ್ಲ, ಲೂಕನಲ್ಲಿಯೂ ಇಲ್ಲ, ಮಾರ್ಕನಲ್ಲಿ ಮಾತ್ರ. ಒಬ್ಬ ಮನುಷ್ಯ ಬೀಜ ಹಾಕ್ತಾನೆ, ರಾತ್ರಿ ಮಲಗ್ತಾನೆ, ಬೆಳಿಗ್ಗೆ ಏಳ್ತಾನೆ, ಬೀಜ ಮೊಳೆತು ಬೆಳೀತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬಾ ಕಾಳು. ಇದನ್ನ ಅರ್ಥ ಮಾಡ್ಕೊಳ್ಳಿಕ್ಕೆ ನಮ್ಮ ಊರಿನವರಿಗೆ ದೊಡ್ಡ ವ್ಯಾಖ್ಯಾನ ಬೇಡ. ಮಳೆ ಹಿಡಿಯುವಾಗ ನೇಜಿ, ಅಂದ್ರೆ ಭತ್ತದ ಸಸಿ ನೆಟ್ಟವರು ದಿನಾ ಹೋಗಿ ಎಷ್ಟು ಎತ್ತರ ಆಯ್ತು ಅಂತ ಪೈರು ಎಳೆದು ನೋಡುವುದಿಲ್ಲ, ಗದ್ದೆಯ ಬದು, ನಮ್ಮ ಮಾತಲ್ಲಿ ಹುಣಿ, ಒಡೆದಿದ್ರೆ ಕಟ್ಟಿ ಬರ್ತಾರೆ, ಕಳೆ ಇದ್ರೆ ಕೀಳ್ತಾರೆ, ನೀರು ಹೆಚ್ಚಾದ್ರೆ ಬಿಡ್ತಾರೆ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನನದ ಮೊಂತಿ ಹಬ್ಬದ ದಿನ ಕೆಥೊಲಿಕ್ ಮನೆಗಳಲ್ಲಿ ಆಶೀರ್ವಾದ ಮಾಡಿಸಿದ ತೆನೆ ತಂದು ಹೊಸ ಅಕ್ಕಿ ಊಟ ಮಾಡ್ತಾರಲ್ಲ, ಆ ತೆನೆಯ ಹಿಂದೆ ಎಷ್ಟು ದಿನದ ಕೆಲಸ ಉಂಟು ಅಂತ ಗದ್ದೆ ಮಾಡಿದವರಿಗೆ ಗೊತ್ತು, ಹಾಗೇ ಅದನ್ನ ತಾವು ಬೆಳೆಸಿದ್ದಲ್ಲ ಅಂತಲೂ ಗೊತ್ತು. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದೂ ಇದನ್ನೇ, ನಾನು ನೆಟ್ಟೆ, ಜೊತೆ ಸೇವಕ ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು ಅಂತ. ಹಾಗಾಗಿ ನಾನು ಎಷ್ಟು ಬೆಳೆದೆ ಅಂತ ದಿನಾ ಅಳತೆ ಮಾಡುವ ಚಿಂತೆಯನ್ನ ಮೊದಲು ಕೆಳಗೆ ಇಡಿ. ಅದು ನಮ್ಮ ಕೆಲಸವೇ ಅಲ್ಲ. ನಮ್ಮ ಪಾಲಿನ ಕೆಲಸ ಬೇರೆ ಉಂಟು, ಅದರ ಬಗ್ಗೆ ಹೇಳ್ತೇನೆ.

ಮೊದಲನೇದು ಸತ್ಯವೇದ ಓದುವುದು. ಇದನ್ನ ಪ್ರಸಂಗದಲ್ಲಿ ಎಲ್ಲರೂ ಹೇಳ್ತಾರೆ, ಹೇಗೆ ಓದಬೇಕು ಅಂತ ಹೇಳುವವರು ಕಡಿಮೆ. ಈಗ ನಮ್ಮ ಫೋನಿಗೆ ಬೆಳಿಗ್ಗೆ ಐದೂವರೆಯಿಂದ ವಚನಗಳು ಬರ್ಲಿಕ್ಕೆ ಶುರು ಆಗ್ತದೆ, ಹೂವಿನ ಚಿತ್ರ, ಸೂರ್ಯೋದಯದ ಚಿತ್ರ, ಅದರ ಮೇಲೆ ಒಂದು ವಾಕ್ಯ, ನಾವು ಒಂದು ಕೈ ಮುಗಿಯುವ ಗುರುತು ಹಾಕಿ ಮುಂದಕ್ಕೆ ಕಳಿಸ್ತೇವೆ, ಆಯ್ತು, ಓದಿದ ಹಾಗೆ. ದಿನಕ್ಕೊಂದು ವಚನ ಇಟ್ಟುಕೊಳ್ಳುವ ಕ್ರಮ ಕೆಟ್ಟದ್ದಲ್ಲ, ಜರ್ಮನಿಯ ಹೆರ್ನ್‌ಹುಟ್ ಅನ್ನುವ ಊರಿನ ಮೊರಾವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ದಿನವಚನದ ಪುಸ್ತಕ ಪ್ರಿಂಟ್ ಮಾಡ್ತಾ ಬಂದಿದ್ದಾರೆ. ಆದ್ರೆ ವಚನದ ಹಿಂದೆ ಮುಂದೆ ಎಂತ ಉಂಟು ಅಂತ ನೋಡದೆ ಹೋದ್ರೆ ಆ ವಚನ ನಮ್ಮನ್ನ ಬೆಳೆಸುವುದಿಲ್ಲ.

ಯೆರೆಮೀಯ 29:11 ತಗೊಳ್ಳಿ. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದು, ಅಹಿತದ್ದಲ್ಲ ಅಂತ ದೇವರು ಹೇಳುವ ವಚನ. ಕ್ಯಾಲೆಂಡರಲ್ಲಿ ಉಂಟು, ಆಟೋದ ಹಿಂದೆ ಉಂಟು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಅದನ್ನೇ ಬರೆದು ಕೊಡ್ತೇವೆ. ಅದರ ಹಿಂದಿನ ವಚನ, ಹತ್ತನೇದು, ಓದಿದ್ದೀರಾ? ಅಲ್ಲಿ ಎಪ್ಪತ್ತು ವರ್ಷ ಅಂತ ಉಂಟು. ಬಾಬೆಲಿಗೆ ಸೆರೆಯಾಗಿ ಹೋದ ಜನಕ್ಕೆ ಬರೆದ ಪತ್ರ ಅದು, ಈ ವರ್ಷ ಬಿಡುಗಡೆ ಆಗ್ತದೆ, ಮುಂದಿನ ವರ್ಷ ಆಗ್ತದೆ ಅಂತ ಕಾಯ್ತಾ ಇದ್ದವರಿಗೆ ಪ್ರವಾದಿ ಬರೀತಾನೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವು ಇರುವ ಆ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ, ನಿಮ್ಮನ್ನ ಸೆರೆ ಹಿಡಿದವರ ಪಟ್ಟಣಕ್ಕೆ! ಆ ಪತ್ರ ಕೇಳಿದ ಎಷ್ಟೋ ಜನ ತಮ್ಮ ಜೀವನದಲ್ಲಿ ಬಿಡುಗಡೆ ನೋಡ್ಲೇ ಇಲ್ಲ. ಈಗ ಹನ್ನೊಂದನೇ ವಚನ ಓದಿ ನೋಡಿ, ಅದರ ತೂಕವೇ ಬೇರೆ. ಮಗ ಕುವೈತಿನಲ್ಲಿ, ಊರಿಗೆ ಬರ್ಲಿಕ್ಕೆ ಇನ್ನೂ ಎಷ್ಟು ವರ್ಷ ಗೊತ್ತಿಲ್ಲ ಅನ್ನುವ ತಾಯಿಗೆ, ಕಾಯಿಲೆ ವಾಸಿ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ ಮನೆಯವರಿಗೆ ಈ ಪೂರ್ತಿ ಪತ್ರ ಬೇಕು, ಕ್ಯಾಲೆಂಡರಿನ ಒಂದು ಸಾಲು ಸಾಲುವುದಿಲ್ಲ.

ಓದುವುದಕ್ಕೆ ಸಮಯ ಇಲ್ಲ ಅಂತ ಹೇಳುವವರಿಗೆ ಒಂದು ಲೆಕ್ಕ. ಪ್ರೊಟೆಸ್ಟಂಟ್ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ, ಕೆಥೊಲಿಕರ ಬೈಬಲಲ್ಲಿ 73 ಪುಸ್ತಕ. ಒಂದು ವರ್ಷದಲ್ಲಿ ಮುಗಿಸ್ಬೇಕು ಅಂತ ಜನವರಿ ಒಂದಕ್ಕೆ ಹೊರಟು ಮೂರನೇ ಪುಸ್ತಕ ಯಾಜಕಕಾಂಡದ ಹತ್ರ ಬರುವಾಗ ನಿಲ್ಲಿಸಿದವರು ಎಷ್ಟೋ ಮಂದಿ. ಅವಸರ ಎಂತಕ್ಕೆ? ಮಾರ್ಕನ ಸುವಾರ್ತೆ ಬರೇ 16 ಅಧ್ಯಾಯ. ಗಟ್ಟಿಯಾಗಿ ಓದಿದ್ರೂ ಹೆಚ್ಚುಕಮ್ಮಿ ಒಂದೂವರೆ ಗಂಟೆ. ದಿನಕ್ಕೆ ಒಂದು ಘಟನೆ ಮಾತ್ರ ಓದಿ, ಎರಡು ಸಲ ಓದಿ, ಎರಡನೇ ಸಲ ನಿಧಾನ. ಓದಿ ಆದ ಮೇಲೆ ಕೂಡಲೇ ಎದ್ದು ಹೋಗ್ಬೇಡಿ, ಅಲ್ಲಿ ಯಾರು ಇದ್ರು, ಯೇಸು ಎಂತ ಕೇಳಿದ್ರು, ಯಾರು ಸುಮ್ಮನೆ ಇದ್ರು ಅಂತ ಸ್ವಲ್ಪ ನೆನಪು ಮಾಡಿ. ದೋಸೆ ಹೊಯ್ಯುವಾಗ, ಬಟ್ಟೆ ಒಗೆಯುವಾಗ ಅದೇ ಮಾತು ಮತ್ತೆ ಬರ್ತದೆ, ಬರ್ಲಿಕ್ಕೆ ಬಿಡಿ.

ಪ್ರಾರ್ಥನೆ ಬಗ್ಗೆ ನನಗೆ ಹೇಳ್ಲಿಕ್ಕೆ ತುಂಬಾ ಉಂಟು. ನಮ್ಮಲ್ಲಿ ಕೆಲವರು ದೇವರ ಹತ್ರ ಮಾತಾಡುವಾಗ ಬರೇ ಚಂದದ ಮಾತು ಆಡ್ತಾರೆ, ಒಳಗೆ ಬೆಂಕಿ ಉರೀತಾ ಇದ್ರೂ ಸ್ತೋತ್ರ ಸ್ತೋತ್ರ ಅಂತ ಹೇಳ್ತಾರೆ. ಕೀರ್ತನೆಗಳ ಪುಸ್ತಕ ಹಾಗಿಲ್ಲ ನೋಡಿ. 150 ಕೀರ್ತನೆಯಲ್ಲಿ ಗೋಳಾಟದ್ದೇ ಒಂದು ದೊಡ್ಡ ಪಾಲು. 13ನೇ ಕೀರ್ತನೆ ಶುರು ಆಗುವುದೇ ಎಷ್ಟರ ತನಕ ಅಂತ, ಎಷ್ಟರ ತನಕ ನನ್ನನ್ನ ಮರೀತೀ ಅಂತ. 88ನೇದು ಇನ್ನೂ ಕಠಿಣ, ಕೊನೇ ಮಾತು ಕತ್ತಲೆಯೇ, ಸಮಾಧಾನದ ಸಾಲು ಅದರಲ್ಲಿ ಬರುವುದೇ ಇಲ್ಲ, ಆದ್ರೂ ಅದನ್ನ ಸತ್ಯವೇದದಿಂದ ಯಾರೂ ತೆಗೆದು ಹಾಕ್ಲಿಲ್ಲ. ಶಿಲುಬೆ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು. ದೇವರ ಮಗನೇ ಹಾಗೆ ಪ್ರಾರ್ಥನೆ ಮಾಡಿದ್ದಾನೆ ಅಂದ ಮೇಲೆ ನಮ್ಮ ಬೇಸರ, ನಮ್ಮ ಸಿಟ್ಟು, ನಮ್ಮ ಸಂಶಯ ಇದನ್ನೆಲ್ಲ ದೇವರಿಂದ ಅಡಗಿಸಿಡುವುದು ಯಾಕೆ? ದಿನಕ್ಕೆ ಐದು ಕೀರ್ತನೆ ಓದಿದ್ರೆ ಒಂದು ತಿಂಗಳಲ್ಲಿ ಎಲ್ಲಾ ಮುಗೀತದೆ, ಒಂದೊಂದೇ ಓದಿದ್ರೆ ಐದು ತಿಂಗಳು, ಯಾವುದಾದ್ರೂ ಅಡ್ಡಿಲ್ಲ. ಬಾಯಿಗೆ ಮಾತು ಬಾರದ ದಿನ ಕೀರ್ತನೆಕಾರನ ಮಾತನ್ನೇ ನಮ್ಮ ಪ್ರಾರ್ಥನೆ ಮಾಡಿಕೊಳ್ಳಬಹುದು, ನನ್ನ ಅಜ್ಜಿ ಕಣ್ಣು ಕಾಣದೆ ಇದ್ದಾಗಲೂ ಬಾಯಿಪಾಠ ಇದ್ದ ಕೀರ್ತನೆಯಲ್ಲೇ ಪ್ರಾರ್ಥನೆ ಮಾಡ್ತಾ ಇದ್ರು.

ಏನೂ ರುಚಿಸದ, ಒಣಗಿದ ಕಾಲ ಕೂಡ ಬರ್ತದೆ. ಅದು ಬಂದಾಗ ನಾನು ಪಾಪ ಮಾಡಿದ್ದಕ್ಕೇ ಹೀಗಾಯ್ತು ಅಂತ ಕೂಡಲೇ ತೀರ್ಮಾನ ಮಾಡ್ಬೇಡಿ. ಅರಸುಗಳು ಮೊದಲನೇ ಭಾಗ, 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಇದ್ದಾನೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಅಷ್ಟು ದೊಡ್ಡ ಕೆಲಸ ಆದ ಮೇಲೆ ರಾಣಿ ಈಜೆಬೆಲಳಿಗೆ ಹೆದರಿ ಓಡಿ ಹೋಗಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಜೀವ ತಗೋ ಅಂತ ಹೇಳ್ತಾನೆ. ದೇವದೂತ ಬಂದು ಅವನಿಗೆ ಬೈಲಿಲ್ಲ, ಪ್ರಸಂಗವನ್ನೂ ಮಾಡ್ಲಿಲ್ಲ. ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿದಾಗಲೂ ಅದೇ ಮಾತು, ತಿನ್ನು, ದಾರಿ ದೂರ ಉಂಟು ಅಂತ. ದೇವರ ಮೆಲು ಸ್ವರ ಕೇಳಿದ್ದು ಆಮೇಲೆ. ನಮ್ಮ ಮಂಗಳೂರಿನ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್ ಮಕ್ಕಳು, ಹಾಸಿಗೆ ಹಿಡಿದ ಅಪ್ಪನನ್ನ ರಾತ್ರಿ ಹಗಲು ನೋಡಿಕೊಳ್ಳುವ ಹೆಂಗಸರು, ಪ್ರಾರ್ಥನೆಗೆ ಕೂತ ಕೂಡಲೇ ನಿದ್ದೆ ಬರ್ತದೆ ಅಂತ ಬೇಜಾರು ಮಾಡ್ಕೊಳ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ, ಮಲಗಿ ಅಮ್ಮಾ, ಊಟ ಮಾಡಿ ಮಲಗಿ, ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ಅದನ್ನೇ.

ಇನ್ನು ಕಷ್ಟದ ವಿಷಯಕ್ಕೆ ಬರ್ತೇನೆ. ಓದ್ತೇವೆ, ಪ್ರಾರ್ಥನೆ ಮಾಡ್ತೇವೆ, ಆದ್ರೂ ಬೆಳವಣಿಗೆ ಒಂದು ಕಡೆ ಬಂದು ನಿಂತೇ ಹೋಗ್ತದೆ, ಆ ಕಡೆ ಎಷ್ಟೋ ಸಲ ಮನೆಯ ಒಳಗೇ ಇರ್ತದೆ. ಜಾಗದ ಪಾಲಿನ ತಕರಾರಿನಲ್ಲಿ ಅಣ್ಣ ತಮ್ಮ ಮಾತು ಬಿಟ್ಟು ಹತ್ತು ಹದಿನೈದು ವರ್ಷ ಆಗಿರ್ತದೆ, ಇಬ್ಬರೂ ಒಂದೇ ಚರ್ಚಿಗೆ ಬರ್ತಾರೆ, ಒಬ್ಬರು ಎಡಗಡೆ ಬೆಂಚು, ಒಬ್ಬರು ಬಲಗಡೆ, ಇಬ್ಬರೂ ಕರ್ತನ ಭೋಜನ ತಗೊಳ್ತಾರೆ. ಮತ್ತಾಯ ಐದನೇ ಅಧ್ಯಾಯದಲ್ಲಿ ಯೇಸು ಹೇಳ್ತಾರೆ, ಯಜ್ಞವೇದಿಯ ಹತ್ರ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಉಂಟು ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಸಮಾಧಾನ ಮಾಡ್ಕೋ, ಆಮೇಲೆ ಬಾ ಅಂತ. ಇದನ್ನ ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಅಂದ್ರೆ ಮಂಗಳೂರಿನಿಂದ ಬೈಂದೂರಿನ ಆಚೀಚೆ ತನಕ ನಡೆದ ಹಾಗೆ. ಅಷ್ಟು ದೂರ ವಾಪಸ್ ಹೋಗು, ಅಣ್ಣನ ಮನೆ ಬಾಗಿಲು ತಟ್ಟು, ಮತ್ತೆ ಅಷ್ಟೇ ದೂರ ನಡೆದು ಬಾ. ಕೇಳಿದವರಿಗೆ ಎಷ್ಟು ಭಾರ ಅನಿಸಿರ್ಬೇಕು. ನಮಗೆ ಅಣ್ಣನ ಮನೆ ಎರಡು ಸ್ಟಾಪ್ ಆಚೆ ಉಂಟು, ಫೋನ್ ನಂಬರೂ ಉಂಟು. ಕೋರ್ಟಿನ ಕೇಸು ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ, ಅನ್ಯಾಯ ಆದವರು ತಮ್ಮ ಹಕ್ಕು ಬಿಟ್ಟುಬಿಡ್ಬೇಕು ಅಂತಲೂ ನಾನು ಹೇಳುವುದಿಲ್ಲ, ಹೊಡೆತ ತಿಂದವರು ಹೊಡೆದವರ ಹತ್ರ ವಾಪಸ್ ಹೋಗ್ಬೇಕು ಅಂತ ಖಂಡಿತ ಹೇಳುವುದಿಲ್ಲ. ಆದ್ರೆ ಅತ್ತಿಗೆಗೆ ಹುಷಾರಿಲ್ಲ ಅಂತ ಗೊತ್ತಾದಾಗ ಗಂಜಿ ತಗೊಂಡು ಹೋಗ್ಲಿಕ್ಕೆ ಕೋರ್ಟಿನ ಅಪ್ಪಣೆ ಬೇಕಾ?

ಪೌಲ ಗಲಾತ್ಯದವರಿಗೆ ಬರೆದ ಆತ್ಮದ ಫಲಗಳನ್ನ ನೋಡಿ, ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಕೊನೆಗೆ ತನ್ನನ್ನು ತಾನೇ ಹಿಡಿತದಲ್ಲಿಡುವುದು. ಇವುಗಳಲ್ಲಿ ಹೆಚ್ಚಿನವು ಇನ್ನೊಬ್ಬ ಮನುಷ್ಯ ಎದುರಿಗೆ ಇಲ್ಲದಿದ್ರೆ ಕಾಣುವುದೇ ಇಲ್ಲ. ಹಾಗಾಗಿ ನಿಮ್ಮಲ್ಲಿ ಬೆಳವಣಿಗೆ ಉಂಟಾ ಅಂತ ನಿಮಗಿಂತ ಮೊದಲು ಗೊತ್ತಾಗುವುದು ನಿಮ್ಮ ಹೆಂಡತಿಗೆ, ನಿಮ್ಮ ಗಂಡನಿಗೆ, ಅಂಗಡಿಯಲ್ಲಿ ನಿಮ್ಮ ಕೈಕೆಳಗೆ ದುಡಿಯುವ ಹುಡುಗನಿಗೆ.

2020ರ ಈಸ್ಟರ್ ನೆನಪುಂಟಲ್ಲ, ಏಪ್ರಿಲ್ 12, ಲಾಕ್‌ಡೌನಿನ ಸಮಯ, ಚರ್ಚಿನ ಬಾಗಿಲು ಜನರಿಗೆ ತೆರೆದಿರ್ಲಿಲ್ಲ, ಪುನರುತ್ಥಾನದ ಹಬ್ಬವನ್ನ ಮನೆಯಲ್ಲೇ ಮಾಡಿದೆವು. ಕುಟುಂಬ ಪ್ರಾರ್ಥನೆ ರೂಢಿ ಇದ್ದ ಮನೆಯವರು ಟಿವಿ ಮುಂದೆಯೋ ಮೇಜಿನ ಸುತ್ತಲೋ ಕೂತು ಹಾಡಿದ್ರು, ರೂಢಿ ತಪ್ಪಿಹೋದ ಮನೆಗಳಲ್ಲಿ ಯಾರು ಶುರು ಮಾಡುವುದು ಅಂತ ಒಬ್ಬರ ಮುಖ ಒಬ್ಬರು ನೋಡಿದ್ರು. ಆಗ ಮತ್ತೆ ಶುರುಮಾಡಿ ಇವತ್ತಿಗೂ ಬಿಡದೆ ನಡೆಸುವ ಮನೆಗಳು ಉಂಟು, ಅದು ನನಗೆ ತುಂಬಾ ಸಂತೋಷದ ಸಂಗತಿ. ಕೆಥೊಲಿಕ್ ಮನೆಗಳಲ್ಲಿ ಸಂಜೆ ತೇರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ ಹೇಳುವ ಕ್ರಮ, ನಮ್ಮ ಪ್ರೊಟೆಸ್ಟಂಟ್ ಮನೆಗಳಲ್ಲಿ ರಾತ್ರಿ ಊಟಕ್ಕೆ ಮೊದಲು ಒಂದು ಗೀತೆ, ಒಂದು ಪಾಠ, ಒಂದು ಪ್ರಾರ್ಥನೆ, ಇದು ಹತ್ತು ನಿಮಿಷದ ಕೆಲಸ. ದುಬೈಯಲ್ಲಿರುವ ಮಗಳನ್ನ ವಿಡಿಯೋ ಕಾಲಲ್ಲಿ ಸೇರಿಸಿಕೊಳ್ಳಿ, ಅಲ್ಲಿ ಟೈಮ್ ಒಂದೂವರೆ ಗಂಟೆ ಹಿಂದೆ, ಅದನ್ನ ಮಾತ್ರ ನೆನಪಿಡಿ. ಮಕ್ಕಳು ಮಧ್ಯದಲ್ಲಿ ಪ್ರಶ್ನೆ ಕೇಳಿದ್ರೆ ಸುಮ್ಮನಿರು ಅಂತ ಬಾಯಿ ಮುಚ್ಚಿಸ್ಬೇಡಿ. ಉತ್ತರ ಗೊತ್ತಿಲ್ಲದಿದ್ರೆ ನಾಳೆ ಒಟ್ಟಿಗೆ ಹುಡುಕುವ ಅಂತ ಹೇಳಿ, ಭಾನುವಾರ ಸಭೆಯ ಪಾಸ್ಟರ್ ಅಯ್ಯನವರ ಹತ್ರವೋ ಫಾದರ್ ಹತ್ರವೋ ಮಗುವನ್ನೇ ಕರ್ಕೊಂಡು ಹೋಗಿ ಕೇಳಿಸಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳುವವರು ಮಾರ್ಕನ ಮೊದಲನೇ ಅಧ್ಯಾಯದಿಂದ ಶುರು ಮಾಡಿ, 45 ವಚನ. ಅದರಲ್ಲಿ 35ನೇದಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಹಿಂದಿನ ದಿನ ಕಪೆರ್ನೌಮಿನಲ್ಲಿ ಇಡೀ ಊರೇ ಮನೆ ಬಾಗಿಲಿಗೆ ಬಂದಿತ್ತು, ಹೊತ್ತು ಮುಳುಗಿದ ಮೇಲೂ ರೋಗಿಗಳನ್ನ ತರ್ತಾ ಇದ್ರು, ಅಷ್ಟು ದಣಿದ ಯೇಸು ಮರುದಿನ ಇನ್ನೂ ಕತ್ತಲೆ ಇರುವಾಗಲೇ ಎದ್ದು ಒಬ್ಬರೇ ಹೋಗಿ ಪ್ರಾರ್ಥನೆ ಮಾಡಿದ್ರು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಹುಡುಕ್ತಾ ಇದ್ದಾರೆ ಅಂದ್ರು. ಅದಕ್ಕೆ ಯೇಸು ಕೊಟ್ಟ ಉತ್ತರ ಎಂತ ಅಂತ 38ನೇ ವಚನದಲ್ಲಿ ಉಂಟು, ಅದನ್ನ ನಾನು ಹೇಳುವುದಿಲ್ಲ, ಇವತ್ತು ರಾತ್ರಿ ನೀವೇ ಮನೆಯವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿ. ನಮಸ್ಕಾರ.