ಆ ಪ್ರತಿಮೆ ನಿಲ್ಲಿಸಿದ್ದು ಯಾರು?

ಮದುವೆ ಮನೆಗೆ ಕರೆದಿದ್ದಾರೆ ಅಂತ ಹೋಗಿ, ಎಲ್ಲರೆದುರು ಮೈಕ್ ಹಿಡಿದು, "ಅದ್ಸರಿ, ಈ ಗಂಡನ್ನು ಹುಡುಕಿ ತಂದಿದ್ದು ಯಾರ್ರೀ?" ಅಂತ ಕೇಳಿದರೆ ಹೇಗಿರುತ್ತದೆ? 1969ರ ಡಿಸೆಂಬರ್ 30ರಂದು ಫಿಲಿಪೀನ್ಸಿನಲ್ಲಿ ಅಲ್ಲಿನ ಇತಿಹಾಸಕಾರ ರೆನಾತೊ ಕಾನ್‌ಸ್ಟಾಂಟಿನೊ ಅವರು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಡಿಸೆಂಬರ್ 30 ಅಂದರೆ ಆ ದೇಶದ ರಾಷ್ಟ್ರನಾಯಕ ಹೋಸೆ ರಿಜಾಲ್ ಸತ್ತ ದಿನ. 1896ರಲ್ಲಿ ಸ್ಪೇನಿನವರು ಅವನನ್ನು ಮನಿಲಾದ ಬಯಲಲ್ಲಿ ನಿಲ್ಲಿಸಿ ಗುಂಡು ಹೊಡೆದರು. ಕಣ್ಣಿನ ಡಾಕ್ಟರು, ಕಾದಂಬರಿಕಾರ, ಸಾಯುವಾಗ ಬರೀ 35 ವರ್ಷ. ಆ ದಿನ ರಿಜಾಲ್ ಉಪನ್ಯಾಸಕ್ಕೆ ಕರೆದರೆ ಯಾರಾದರೂ ಏನು ಮಾಡುತ್ತಾರೆ ಹೇಳಿ? ಹೊಗಳುತ್ತಾರೆ, ಹಾರ ಹಾಕುತ್ತಾರೆ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಕಾನ್‌ಸ್ಟಾಂಟಿನೊ ತಮ್ಮ ಉಪನ್ಯಾಸಕ್ಕೆ ಇಟ್ಟ ಹೆಸರೇ 'ಅರಿವಿಲ್ಲದ ಆರಾಧನೆ' ಅನ್ನೋ ಅರ್ಥದ್ದು.

ಅವರ ವಾದ ಸರಳ. ಅಮೆರಿಕಕ್ಕೆ ವಾಷಿಂಗ್ಟನ್, ರಷ್ಯಾಕ್ಕೆ ಲೆನಿನ್, ವಿಯೆಟ್ನಾಮಿಗೆ ಹೋ ಚಿ ಮಿನ್. ಎಲ್ಲ ಕಡೆ ಕ್ರಾಂತಿ ಮಾಡಿದವನೇ ದೊಡ್ಡ ನಾಯಕ. ನಮ್ಮಲ್ಲಿ ಮಾತ್ರ ಕ್ರಾಂತಿ ಬೇಡ ಅಂದವನು ನಾಯಕ, ಇದು ಯಾಕೆ?

ಅವನು ಬೇಡ ಅಂದಿದ್ದೂ ನಿಜವೇ. ಸಾಯುವ ಹದಿನೈದು ದಿನ ಮೊದಲು, ಜೈಲಿನಿಂದಲೇ, ರಿಜಾಲ್ ಒಂದು ಹೇಳಿಕೆ ಬರೆದ. ಈ ದಂಗೆ ತಪ್ಪು, ಮೊದಲು ಜನ ವಿದ್ಯೆ ಕಲಿಯಲಿ, ಸ್ವಾತಂತ್ರ್ಯ ಆಮೇಲೆ ಅಂತ. ಇತ್ತ ದಂಗೆ ಎದ್ದವನು ಆಂಡ್ರೆಸ್ ಬೋನಿಫಾಸಿಯೊ. ಮನಿಲಾದ ತೊಂಡೊ ಅನ್ನೋ ಬಡವರ ಕೇರಿಯವನು, 1892ರಲ್ಲಿ ಕಟಿಪುನಾನ್ ಅನ್ನೋ ಗುಪ್ತ ಸಂಘ ಕಟ್ಟಿದವನು. ಅವನು ಯಾಕೆ ಎರಡನೇ ಸಾಲಿಗೆ ಹೋದ?

ಕಾನ್‌ಸ್ಟಾಂಟಿನೊ ಕೊಟ್ಟ ಉತ್ತರಕ್ಕೆ ಇಡೀ ದೇಶ ಕೆರಳಬಹುದಿತ್ತು. ಆರಿಸಿದ್ದು ಅಮೆರಿಕನ್ನರು ಅಂದರು. ಸ್ಪೇನ್ ಹೋದ ಮೇಲೆ ಬಂದು ಕೂತ ಹೊಸ ಯಜಮಾನರಿಗೆ ಕತ್ತಿ ಹಿಡಿದ ನಾಯಕ ಬೇಕಿರಲಿಲ್ಲ. ಓದಿ ಉದ್ಧಾರವಾಗಿ ಅಂತ ಹೇಳಿದ, ಸ್ಪೇನಿನವರ ಕೈಯಲ್ಲಿ ಸತ್ತ, ಇನ್ನು ತಿರುಗಿ ಮಾತಾಡಲಾರದ ನಾಯಕ ಬೇಕಿತ್ತು. 1901ರಲ್ಲೇ ಒಂದು ಪ್ರಾಂತ್ಯಕ್ಕೆ ರಿಜಾಲ್ ಅಂತ ಹೆಸರಿಟ್ಟರು, ಸ್ಮಾರಕಕ್ಕೆ ಕಾನೂನು ಮಾಡಿದರು.

ಇಲ್ಲಿ ನಾನೊಂದು ಸೇರಿಸುತ್ತೇನೆ. ಮನಿಲಾದಲ್ಲಿ ರಿಜಾಲ್ ಸ್ಮಾರಕ ಅನಾವರಣ ಆಗಿದ್ದು 1913ರಲ್ಲಿ. ಫಿಲಿಪೀನ್ಸಿನ ಬಾವುಟವನ್ನು ಬಹಿರಂಗವಾಗಿ ಹಾರಿಸುವುದು 1907ರಿಂದ 1919ರವರೆಗೆ ಅಪರಾಧ. ಅಂದರೆ ನಿಮ್ಮ ನಾಯಕನ ಪ್ರತಿಮೆಗೆ ಕೈಮುಗಿಯಬಹುದು, ಆದರೆ ಅದರ ಮುಂದೆ ನಿಮ್ಮ ಬಾವುಟ ಹಿಡಿದರೆ ಪೊಲೀಸರು ಬರುತ್ತಾರೆ!

ಇಷ್ಟು ಕೇಳಿದರೆ ಕಾನ್‌ಸ್ಟಾಂಟಿನೊ ಪೂರ್ತಿ ಸರಿ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಸ್ವಲ್ಪ ತಡೆಯಿರಿ.

ಬೋನಿಫಾಸಿಯೊನ ಕಟಿಪುನಾನ್‌ನವರೇ ರಿಜಾಲ್ ಹೆಸರನ್ನು ಗುಟ್ಟಿನ ಸಂಕೇತವಾಗಿ ಬಳಸುತ್ತಿದ್ದರು. 1898ರಲ್ಲಿ, ಅಮೆರಿಕನ್ನರ ಆಡಳಿತ ಇನ್ನೂ ಬೇರು ಬಿಡುವ ಮೊದಲೇ, ಕ್ರಾಂತಿ ಸರ್ಕಾರದ ಅಧ್ಯಕ್ಷ ಎಮಿಲಿಯೊ ಅಗಿನಾಲ್ಡೊ ಡಿಸೆಂಬರ್ 30ನ್ನು ರಾಷ್ಟ್ರೀಯ ಶೋಕದ ದಿನ ಅಂತ ಘೋಷಿಸಿದ್ದ. ಜನ ಆಗಲೇ ರಿಜಾಲನನ್ನು ಎದೆಗೆ ಹಾಕಿಕೊಂಡಿದ್ದರು. ಇನ್ನೊಂದು ತಮಾಷೆ ನೋಡಿ. ಆ ಜೈಲಿನ ಹೇಳಿಕೆಯನ್ನು ಸ್ಪೇನಿನವರು ಹಂಚಲೇ ಇಲ್ಲ. ಓದಿದ ಅಧಿಕಾರಿಗೆ ಅರ್ಥವಾಗಿಹೋಯಿತು: ಇವನು ಸ್ವಾತಂತ್ರ್ಯ ಬೇಡ ಅಂತಿಲ್ಲ, ಈಗ ಬೇಡ ಅಂತಿದ್ದಾನೆ ಅಷ್ಟೇ. ಶತ್ರುವಿಗೆ ಕಂಡ ಆ ಸೂಕ್ಷ್ಮ ನಮ್ಮ ಕಾನ್‌ಸ್ಟಾಂಟಿನೊ ಮೇಷ್ಟ್ರಿಗೆ ಕಾಣಲಿಲ್ಲ, ಅಥವಾ ಕಂಡರೂ ಅದನ್ನು ಹಗುರ ಮಾಡಿಬಿಟ್ಟರು. ಅಮೆರಿಕನ್ನರು ರಿಜಾಲನನ್ನು ಸೃಷ್ಟಿ ಮಾಡಲಿಲ್ಲ, ಇದ್ದವನನ್ನೇ ತಮಗೆ ಬೇಕಾದ ಹಾಗೆ ಬಾಚಿ, ಪೌಡರ್ ಹಾಕಿ ನಿಲ್ಲಿಸಿದರು. ಎರಡಕ್ಕೂ ವ್ಯತ್ಯಾಸ ಇದೆ.

ಹಾಗಾದರೆ ಕಾನ್‌ಸ್ಟಾಂಟಿನೊ ಬಗ್ಗೆ ಯಾಕೆ ಮಾತಾಡಬೇಕು? ಇವರ ಇನ್ನೊಂದು ಬರಹ ಇದೆಯಲ್ಲ, ಅದಕ್ಕಾಗಿ.

ಇವರು 1919ರಲ್ಲಿ ಮನಿಲಾದಲ್ಲಿ ಹುಟ್ಟಿದವರು. ಫಿಲಿಪೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಪತ್ರಿಕೆಯ ಸಂಪಾದಕರಾಗಿದ್ದರು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ನಿಯೋಗದಲ್ಲಿ ಕೆಲಸ ಮಾಡಿದರು, ಆಮೇಲೆ ಪಾಠ, ಪತ್ರಿಕೆ ಅಂಕಣ, ಉಪನ್ಯಾಸ. 1959ರಲ್ಲಿ ಒಂದು ಪ್ರಬಂಧ ಬರೆದರು, ಅದು ಅಚ್ಚಾಗಿದ್ದು 1966ರಲ್ಲಿ. 'ಫಿಲಿಪಿನೊನ ತಪ್ಪು ಶಿಕ್ಷಣ' ಅನ್ನಬಹುದು ಅದನ್ನು.

1901ರ ಆಗಸ್ಟಿನಲ್ಲಿ ಥಾಮಸ್ ಅನ್ನೋ ಸೇನಾ ಹಡಗು ಸುಮಾರು 500 ಅಮೆರಿಕನ್ ಶಿಕ್ಷಕರನ್ನು ಮನಿಲಾದಲ್ಲಿ ಇಳಿಸಿತು. ನಾವು ಇಲ್ಲಿ ಮಾತೆತ್ತಿದರೆ ಮೆಕಾಲೆಗೆ ಬೈಯುತ್ತೇವೆ, ಅಲ್ಲಿ ಬೈಯಲು ಒಬ್ಬ ಸಾಲದು, ಹಡಗುಗಟ್ಟಲೆ ಇದ್ದರು. ಇವರಲ್ಲಿ ಒಳ್ಳೆಯ ಮೇಷ್ಟ್ರುಗಳೂ ಇದ್ದರು, ಕಾಯಿಲೆಯಿಂದ ಅಲ್ಲೇ ಸತ್ತವರೂ ಇದ್ದರು, ಇವತ್ತಿಗೂ ಅವರನ್ನು ಪ್ರೀತಿಯಿಂದ ನೆನೆಯುವ ಜನ ಇದ್ದಾರೆ. ಕಾನ್‌ಸ್ಟಾಂಟಿನೊ ಹೇಳಿದ್ದು ಬೇರೆ. ಬಂದೂಕಿನಿಂದ ನೆಲ ಗೆಲ್ಲಬಹುದು, ಮನಸ್ಸು ಗೆಲ್ಲಲು ಶಾಲೆ ಬೇಕು, ಅದರಲ್ಲೂ ಪಾಠವನ್ನು ಇಂಗ್ಲಿಷಿನಲ್ಲೇ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮಗು ತನ್ನ ಇತಿಹಾಸವನ್ನು ಗೆದ್ದವರ ಭಾಷೆಯಲ್ಲಿ, ಗೆದ್ದವರ ಲೆಕ್ಕದಲ್ಲಿ ಕಲಿಯುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಅವರು ಪಠ್ಯಪುಸ್ತಕದ ಚಿತ್ರಗಳ ಬಗ್ಗೆ ಹೇಳುವ ಮಾತು. ಸೋಗೆ ಗುಡಿಸಲು, ಎಮ್ಮೆ, ನಗುವ ರೈತ. ನೋಡಲು ಚಂದ. ಆದರೆ ಆ ರೈತನ ತಲೆ ಮೇಲಿರುವ ಸಾಲ, ಗೇಣಿ, ಹಸಿವು ಯಾವುದೂ ಚಿತ್ರದಲ್ಲಿಲ್ಲ. ನಮ್ಮದು ಕೃಷಿ ದೇಶ, ಹೀಗೇ ಚೆನ್ನಾಗಿದೆ, ಕಾರ್ಖಾನೆ ಗೀರ್ಖಾನೆ ನಮಗಲ್ಲ ಅಂತ ಮಗು ಸುಮ್ನೆ ಒಪ್ಪಿಕೊಂಡು ಬೆಳೆಯುತ್ತದೆ.

ಸರಿ, ಈಗ ನಿಮ್ಮಲ್ಲಿ ಚುರುಕಾದವರು ಕೇಳುತ್ತೀರಿ: ಇದನ್ನೆಲ್ಲ ಅವರು ಬರೆದಿದ್ದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಅವರೂ ಅದೇ ಶಾಲೆಯಲ್ಲಿ ಬೆಳೆದವರಲ್ಲವೇ. ಮುಟ್ಟಬೇಕಿದ್ದೂ ಇಂಗ್ಲಿಷ್ ಓದುವವರನ್ನೇ. ಈ ಸಮಜಾಯಿಷಿ ನನಗೆ ಅರ್ಧ ಒಪ್ಪಿಗೆ, ಅಷ್ಟೇ. ಜನರ ಇತಿಹಾಸ ಬರೆಯುತ್ತೇನೆ ಅಂತ ಹೊರಟವರು ಜನರ ಭಾಷೆಗೆ ಬರಲೇ ಇಲ್ಲವಲ್ಲ ಅನ್ನೋ ಕೊರಗು ಉಳಿಯುತ್ತದೆ. ಆದರೂ ಅಧ್ಯಕ್ಷ ಮಾರ್ಕೋಸ್‌ನ ಸೇನಾಡಳಿತ ನಡೆಯುತ್ತಿದ್ದ 1975ರಲ್ಲಿ, ತಮ್ಮ ದೇಶದ ಇತಿಹಾಸವನ್ನು ದೊರೆಗಳ ಕಡೆಯಿಂದಲ್ಲದೆ ಜನರ ಕಡೆಯಿಂದ ಬರೆದು ಪುಸ್ತಕ ತಂದರು. ಅದಕ್ಕೆ ಪತ್ನಿ ಲೆಟಿಸಿಯಾ ಅವರೂ ಕೈಜೋಡಿಸಿದ್ದರು. ಅದಕ್ಕೆ ಗುಂಡಿಗೆ ಬೇಕು.

ಆ ಭಾಷೆಯ ಜಗಳ ಇನ್ನೂ ಮುಗಿದಿಲ್ಲ. ಫಿಲಿಪೀನ್ಸ್ 2013ರ ಕಾನೂನಿನಲ್ಲಿ ಚಿಕ್ಕ ತರಗತಿಗಳಿಗೆ ತಾಯ್ನುಡಿಯಲ್ಲೇ ಪಾಠ ಅಂತ ಮಾಡಿತು, 2024ರಲ್ಲಿ ಇನ್ನೊಂದು ಕಾನೂನು ತಂದು ಆ ಕಡ್ಡಾಯ ತೆಗೆದುಹಾಕಿತು. ಕಾಲ್ ಸೆಂಟರ್ ಕೆಲಸ, ವಿದೇಶದಲ್ಲಿ ನರ್ಸ್ ಕೆಲಸ ಅಂದರೆ ಇಂಗ್ಲಿಷ್ ಅಲ್ಲವೇ ಅನ್ನುವ ಅಪ್ಪ ಅಮ್ಮನಿಗೆ ಕಾನ್‌ಸ್ಟಾಂಟಿನೊ ಅವರ ಪ್ರಬಂಧ ಕೊಟ್ಟರೆ ಏನನ್ನುತ್ತಾರೋ. ಬೆಂಗಳೂರಿನಲ್ಲಿ ಕೂತು ಅವರನ್ನು ಬೈಯುವ ಯೋಗ್ಯತೆ ನನಗಂತೂ ಇಲ್ಲ.

ಕಾನ್‌ಸ್ಟಾಂಟಿನೊ 1999ರಲ್ಲಿ ತೀರಿಕೊಂಡರು. ಬೋನಿಫಾಸಿಯೊ ಏನಾದ ಗೊತ್ತಾ? ಸ್ಪೇನಿನವರು ಕೊಂದಿದ್ದಲ್ಲ. 1897ರಲ್ಲಿ ಅಗಿನಾಲ್ಡೊ ಕಡೆಯವರೇ ವಿಚಾರಣೆ ಮಾಡಿ ಕೊಂದರು. ಆ ಅಗಿನಾಲ್ಡೊನ ಮುಖ ತುಂಬಾ ವರ್ಷ ಐದು ಪೆಸೊ ನಾಣ್ಯದ ಮೇಲಿತ್ತು. 2017ರ ನವೆಂಬರ್ 30ರಂದು, ಬೋನಿಫಾಸಿಯೊ ಹುಟ್ಟಿದ ದಿನವೇ, ಹೊಸ ಐದು ಪೆಸೊ ನಾಣ್ಯ ಬಂತು. ಅದರ ಮೇಲೆ ಅಗಿನಾಲ್ಡೊ ಇಲ್ಲ, ಬೋನಿಫಾಸಿಯೊ ಇದ್ದಾನೆ. ರಿಜಾಲ್ ಮೊದಲಿನ ಹಾಗೆ ಒಂದು ಪೆಸೊದ ಮೇಲೇ ಇದ್ದಾನೆ.