ಸ್ಕ್ರೂ ಕೂರಿಸೋಕೆ ಮುಂಚೆ ಮೂಳೆ ಬೆಳೆಸಬೇಕಂತೆ!

ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್, ಅಂದ್ರೆ ಕೃತಕ ಹಲ್ಲಿಗೆ ಬೇರಿನ ಥರ ಮೂಳೆಯೊಳಗೆ ಕೂರಿಸೋ ಸ್ಕ್ರೂ, ಹಾಕಿಸ್ಕೋಬೇಕು ನಾನು. ಸ್ಕ್ರೀನ್ ಮೇಲೆ ಕಾಣ್ತಿರೋದು ನನ್ನ ದವಡೆಯ ಸಿಬಿಸಿಟಿ ಸ್ಕ್ಯಾನ್, ಅಂದ್ರೆ 3ಡಿ ಎಕ್ಸ್‌-ರೇ. ಎಡಗಡೆ, ಕೆಳಗಿನ ದವಡೆಹಲ್ಲು ಕಿತ್ತಿರೋ ಜಾಗ ನೋಡಿ, ಎಷ್ಟು ತೆಳ್ಳಗಾಗಿದೆ. ಹಲ್ಲು ಹೋದ್ಮೇಲೆ ಅಲ್ಲಿನ ಮೂಳೆಗೆ ಕೆಲಸ ಇಲ್ಲ, ದೇಹ ಅದನ್ನ ಕರಗಿಸ್ತಾ ಬರುತ್ತೆ. ಮೊದಲ ವರ್ಷದಲ್ಲೇ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಇಂಪ್ಲಾಂಟ್ ಸ್ಕ್ರೂ ಸುಮಾರು 4 ಮಿಲಿಮೀಟರ್ ದಪ್ಪ, ಅದರ ಸುತ್ತಲೂ ಕನಿಷ್ಠ 1 ಮಿಲಿಮೀಟರ್ ಮೂಳೆ ಬೇಕು. ನನಗೆ ಇದ್ದದ್ದೇ ಒಟ್ಟು 4. ಹಾಗಾಗಿ ಮೊದಲು ಬೋನ್ ಗ್ರಾಫ್ಟ್, ಅಂದ್ರೆ ಮೂಳೆ ಕಸಿ.

ಗ್ರಾಫ್ಟ್ ಅಂದ್ರೆ ಪುಟ್ಟ ಬಾಟಲಿಯಲ್ಲಿ ಬನ್ಸಿ ರವೆ ಥರ ಕಾಳು ಕಾಳು. ಅದು ಎಲ್ಲಿಂದ ಬಂತು ಅಂತ ಕೇಳಿದೆ. ದನದ ಮೂಳೆ. ಸಾವಯವ ಅಂಶ ಎಲ್ಲ ತೆಗೆದು ಬರೀ ಖನಿಜ ಉಳಿಸಿರ್ತಾರೆ. ಮೇಲೆ ಹೊದಿಸೋ ಕೊಲಾಜನ್ (ಚರ್ಮ, ಮೂಳೆಯಲ್ಲಿರೋ ಪ್ರೋಟೀನ್) ಪೊರೆ ಸಾಮಾನ್ಯವಾಗಿ ಹಂದಿದು, ಇಲ್ಲ ದನದ್ದು. ನನಗೇನೂ ಅಡ್ಡಿ ಇರಲಿಲ್ಲ; ಅಮ್ಮನ ಮುಖ ಮಾತ್ರ ಸಪ್ಪಗಾಯ್ತು. ಬೇಡ ಅನ್ನೋರಿಗೆ ಕ್ಯಾಲ್ಸಿಯಂ ಫಾಸ್ಫೇಟ್‌ನ ಸಿಂಥೆಟಿಕ್ ಕಾಳು ಇದೆ, ಇಲ್ಲಾಂದ್ರೆ ನಿಮ್ಮದೇ ಗದ್ದದಿಂದ ಕೆರೆದು ತೆಗೀತಾರೆ. ಕೇಳದೆ ಯಾರೂ ಹೇಳಲ್ಲ ಇದನ್ನ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆನೇ ಕೇಳಿ.

ಆಪರೇಷನ್ ದಿನ ಬರೀ ಲೋಕಲ್ ಅನಸ್ತೇಸಿಯಾ. ನೋವಿಲ್ಲ, ಆದ್ರೆ ಸದ್ದಿದೆ, ಅದೂ ತಲೆಬುರುಡೆ ಒಳಗಿಂದ! ಒಸಡು ಬಿಡಿಸಿ, ಮೂಳೆಗೆ ಸಣ್ಣ ಸಣ್ಣ ತೂತು ಕೊರೀತಾರೆ, ರಕ್ತ ಜಿನುಗಲಿ ಅಂತಲೇ. ಹೊಸ ಮೂಳೆ ಕಟ್ಟೋ ಜೀವಕೋಶಗಳಿಗೆ ಆ ತೂತುಗಳೇ ದಾರಿ. ಆಮೇಲೆ ಕಾಳು ತುಂಬಿ, ಪೊರೆ ಮುಚ್ಚಿ, ಹೊಲಿಗೆ. ಪೊರೆ ಯಾಕೆ? ಒಸಡು ಬೇಗ ಬೆಳೆಯುತ್ತೆ, ಮೂಳೆ ನಿಧಾನ. ತಡೆ ಇಲ್ದಿದ್ರೆ ಒಸಡು ಆ ಜಾಗವನ್ನ ಒತ್ತುವರಿ ಮಾಡ್ಕೊಂಡುಬಿಡುತ್ತೆ. ಕೊಲಾಜನ್ ಪೊರೆ ಕೆಲಸ ಮುಗಿಸಿ ತಾನಾಗೇ ಕರಗುತ್ತೆ.

ಎರಡನೇ, ಮೂರನೇ ದಿನಕ್ಕೆ ಕೆನ್ನೆ ಊದಿ ನಾನು ಕ್ಯಾಮೆರಾ ಮುಂದೆ ಬರೋ ಹಾಗಿರಲಿಲ್ಲ, ಅದಕ್ಕೇ ಈ ವಾಯ್ಸ್ ಓವರ್. ಸಿಗರೇಟ್ ಸೇದಂಗಿಲ್ಲ, ಎಳನೀರಿಗೆ ಸ್ಟ್ರಾ ಹಾಕಂಗಿಲ್ಲ. ಎಳೆದ್ರೆ ಹೊಲಿಗೆಗೆ ಪೆಟ್ಟು. ಬಿಸಿ, ಖಾರ ಎರಡೂ ಬೇಡ. ಆರಿದ ರಾಗಿಮುದ್ದೆ, ತಿಳಿ ಬಸ್ಸಾರು. ಮುದ್ದೆ ಹೇಗಿದ್ರೂ ಅಗಿಯೋದಲ್ವಲ್ಲ, ನುಂಗೋದು ತಾನೇ!

ಇನ್ನು ಹೆಚ್ಚುಕಡಿಮೆ ಆರು ತಿಂಗಳು ಕಾಯಬೇಕು. ಮತ್ತೆ ಸ್ಕ್ಯಾನ್ ಮಾಡ್ತಾರೆ, ಅಗಲ ಸಾಕಾಗಿದ್ರೆ ಸ್ಕ್ರೂ. ಆ ಸ್ಕ್ಯಾನನ್ನೂ ಇದರ ಪಕ್ಕಕ್ಕಿಟ್ಟು ತೋರಿಸ್ತೀನಿ.